ಜಕ್ಕನಹಳ್ಳಿಯಿಂದ ಮೇಲುಕೋಟೆಗೆ: ಕಾಲ್ನಡಿಗೆಯ ಕೊನೆಯ ಹಂತ

ಶ್ರೀರಂಗಪಟ್ಟಣದಿಂದ ಪಾಂಡವಪುರದ ಮಾರ್ಗವಾಗಿ ಮೇಲುಕೋಟೆಗೆ ನಡೆದು ಹೋಗುವವರು ಕೊನೆಯ ಹಂತವನ್ನು ಸಾಮಾನ್ಯವಾಗಿ ಹಗುರವಾಗಿ ಎಣಿಸುತ್ತಾರೆ. ಜಕ್ಕನಹಳ್ಳಿಯಿಂದ ಮುಂದಿನ ದಾರಿ ಚಿಕ್ಕದು ನಿಜ. ಆದರೆ ಹಿಂದಿನ ದಿನಗಳ ದಣಿವು, ಏರುದಾರಿ, ಕೊನೆಗೆ ಯೋಗನರಸಿಂಹಸ್ವಾಮಿ ಬೆಟ್ಟದ ಮೆಟ್ಟಿಲು, ಈ ಮೂರೂ ಕೂಡುವುದು ಅಲ್ಲಿಯೇ ಆದ್ದರಿಂದ ಅದಕ್ಕೆ ಒಂದು ಇಡೀ ದಿನವನ್ನೇ ಮೀಸಲಿಡುವುದು ಲೇಸು.

ಹಿಂದಿನ ರಾತ್ರಿ ಜಕ್ಕನಹಳ್ಳಿಗೆ ಆದಷ್ಟು ಹತ್ತಿರ ತಂಗಬೇಕು. ಕಾಲಿನಲ್ಲಿ ಬೊಬ್ಬೆ ಎದ್ದಿದ್ದರೆ ಚರ್ಮವನ್ನು ಕೀಳದೆ, ತೊಳೆದು ಒಣಗಿಸಿ, ಶುಭ್ರವಾದ ಪಟ್ಟಿ ಸುತ್ತಿ ಮಲಗಬೇಕು. ಕೊನೆಯ ದಿನವೆಂದು ಹೊಸ ಚಪ್ಪಲಿ ಹಾಕಿಕೊಳ್ಳುವ ಹುಮ್ಮಸ್ಸು ಬೇಡ. ಬೆಳಿಗ್ಗೆ ಬೇಗ ಹೊರಡಬೇಕೆಂಬುದು ಸರಿಯೇ ಆದರೂ ಕತ್ತಲಲ್ಲಿ ಹೊರಡುವುದು ಸರಿಯಲ್ಲ. ಮೇಲುಕೋಟೆಯ ಸುತ್ತಲಿನ ಕುರುಚಲು ಕಾಡು 1974ರಲ್ಲಿ ತೋಳಗಳ ಸಂರಕ್ಷಣೆಗೆಂದು ವನ್ಯಜೀವಿಧಾಮವಾಗಿ ಘೋಷಿತವಾದ ಪ್ರದೇಶ, ಚಿರತೆಗಳೂ ಇರುವ ನೆಲ. ಬೆಳಕು ಹರಿದ ಮೇಲೆ, ಇಬ್ಬರು ಮೂವರು ಜೊತೆಯಾಗಿ, ಎದುರಿನ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಸಾಲಾಗಿ ನಡೆಯಬೇಕು. ತಿರುವುಗಳಲ್ಲಿ ಮೊಬೈಲ್ ನೋಡುತ್ತಾ ನಡೆಯುವವರನ್ನು ಕಂಡರೆ ಚಿರತೆಗಿಂತ ಬಸ್ಸಿನ ಚಿಂತೆಯೇ ಹೆಚ್ಚಾಗುತ್ತದೆ.

ಏರಿನಲ್ಲಿ ಹೆಜ್ಜೆಯನ್ನು ಚಿಕ್ಕದು ಮಾಡಿ, ಮಾತಾಡಿದರೂ ಏದುಸಿರು ಬಾರದಷ್ಟು ನಿಧಾನವಾಗಿ ಹತ್ತಬೇಕು. ಬಾಯಾರುವ ಮೊದಲೇ ಆಗಾಗ್ಗೆ ನೀರು ಗುಟುಕರಿಸಬೇಕು; ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಬಿಡಬಾರದು.

ಊರು ಮುಟ್ಟಿದ ಕೂಡಲೇ ಹೋಟೆಲಿಗೆ ನುಗ್ಗಿ ಪುಳಿಯೋಗರೆ ತಿನ್ನಬೇಕೆನಿಸುತ್ತದೆ. ಹೊಟ್ಟೆ ಬಿರಿಯ ತಿಂದು ಬೆಟ್ಟ ಹತ್ತುವುದು ಕಷ್ಟ. ಒಂದೆರಡು ಬಾಳೆಹಣ್ಣು ತಿಂದು ಕಲ್ಯಾಣಿಯ ಮಂಟಪದ ನೆರಳಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಬಿಸಿಲೇರುವ ಮೊದಲೇ ಮೆಟ್ಟಿಲು ಹಿಡಿಯಬೇಕು. ಬರಿಗಾಲಲ್ಲಿ ಹತ್ತುವವರಿಗಂತೂ ಇದು ಕಡ್ಡಾಯವೆಂದೇ ಹೇಳಬೇಕು, ಏಕೆಂದರೆ ಬೇಸಿಗೆಯ ನಡುಹಗಲಿನಲ್ಲಿ ಆ ಕಲ್ಲುಗಳು ಕಾದ ಹೆಂಚಿನಂತಿರುತ್ತವೆ. ಮಧ್ಯಾಹ್ನ ದೇವಾಲಯಗಳ ಬಾಗಿಲು ಹಾಕುವುದೂ ಬೇಗ ಹತ್ತುವುದಕ್ಕೆ ಇನ್ನೊಂದು ಕಾರಣ. ಕೋತಿಗಳ ಕಾಟವಿರುವುದರಿಂದ ಹಣ್ಣುಕಾಯಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ತೂಗಾಡಿಸದೆ ಚೀಲದೊಳಗೆ ಇಟ್ಟುಕೊಳ್ಳಬೇಕು. ಕನ್ನಡಕದ ಮೇಲೂ ಗಮನವಿರಲಿ.

ಇಳಿಯುವಾಗ ಮಂಡಿಗೆ ಬೀಳುವ ಭಾರ ಹೆಚ್ಚು. ಮೆಟ್ಟಿಲಿಗೆ ಸ್ವಲ್ಪ ಓರೆಯಾಗಿ, ಕೋಲೂರಿ ಇಳಿಯುವುದು ಕ್ಷೇಮ. ಆಮೇಲೆ ಚೆಲುವನಾರಾಯಣಸ್ವಾಮಿಯ ದರ್ಶನ, ಊಟ, ವಿಶ್ರಾಂತಿ. ಅಕ್ಕತಂಗಿ ಕೊಳವನ್ನೂ, ಪೂರ್ಣಗೊಳ್ಳದೆ ಉಳಿದ ರಾಯಗೋಪುರವನ್ನೂ ಬಿಸಿಲಿಳಿದ ಮೇಲೆ ನೋಡಬಹುದು.

ಫಾಲ್ಗುಣದ ವೈರಮುಡಿ ಉತ್ಸವಕ್ಕೆ ನಡೆದು ಬರುವವರ ಲೆಕ್ಕಾಚಾರ ಬೇರೆ. ಮಂಡ್ಯದ ಖಜಾನೆಯಿಂದ ಅಂದು ಚೆಲುವನಾರಾಯಣಸ್ವಾಮಿಯ ವಜ್ರಖಚಿತ ಕಿರೀಟವಾದ ವೈರಮುಡಿ ಮೇಲುಕೋಟೆಗೆ ಬರುತ್ತದೆ, ಉತ್ಸವ ನಡೆಯುವುದು ರಾತ್ರಿ, ಜನಸಂದಣಿ ವಿಪರೀತ. ಅಂದು ಬೆಟ್ಟ ಹತ್ತುವ ಆಸೆಯನ್ನು ಬಿಟ್ಟು, ಸಂಜೆಯೊಳಗೆ ಊರು ಸೇರಿ, ತಂಗುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಂಡು, ಜೊತೆಯವರು ತಪ್ಪಿಹೋದರೆ ಎಲ್ಲಿ ಸೇರಬೇಕೆಂಬುದನ್ನು ಹೊರಡುವ ಮುನ್ನವೇ ನಿಶ್ಚಯಿಸಿರಬೇಕು. ಮರಳಿ ಮೈಸೂರಿಗೋ ಮಂಡ್ಯಕ್ಕೋ ಹೋಗುವ ಬಸ್ಸನ್ನು ಮರುದಿನ ಬೆಳಿಗ್ಗೆ ಹಿಡಿಯುವುದೇ ಒಳ್ಳೆಯದು.