ಹೊಸ ಕೂಲರ್ ತರುವ ಮೊದಲು ಕೋಣೆಗೆ ಟೇಪ್ ಹಿಡಿಯಿರಿ

ಮಾರ್ಚ್ ದಾಟಿತೆಂದರೆ ದಾವಣಗೆರೆಯ ಮಹಡಿ ಮನೆಗಳು ಮಧ್ಯಾಹ್ನ ಮೂರಕ್ಕೆ ಮಂಡಕ್ಕಿ ಭಟ್ಟಿಯೇ. ಹಳೇ ಕೂಲರ್ ಕೈ ಕೊಡುವುದೂ ಸರಿಯಾಗಿ ಆಗಲೇ. ಅಂಗಡಿಗೆ ಹೋದರೆ ಮೊದಲ ಪ್ರಶ್ನೆ, "ಎಷ್ಟು ಲೀಟರ್ದು ಬೇಕು ಸಾರ್?" ಅದು ಟ್ಯಾಂಕಿನ ಲೆಕ್ಕ, ತಂಪಿನದಲ್ಲ. ಟ್ಯಾಂಕ್ ದೊಡ್ಡದಿದ್ದರೆ ರಾತ್ರಿ ಎದ್ದು ನೀರು ತುಂಬುವುದು ತಪ್ಪುತ್ತದೆ, ಅಷ್ಟೇ. ನಾನೂ ಒಮ್ಮೆ ಲೀಟರ್ ನೋಡಿಯೇ ತಂದೆ. ಹಾಲ್‌ನ ಒಂದು ಮೂಲೆ ಮಾತ್ರ ತಂಪಾಯಿತು, ಅಲ್ಲಿ ಕೂರಲು ದಿನಾ ಮಕ್ಕಳ ಜಗಳ.

ಅಂದಹಾಗೆ, ಹಳೇದು ಸಾಲದು ಅನ್ನುವ ಮೊದಲು ಅದರ ಪ್ಯಾಡ್ ಮುಟ್ಟಿ ನೋಡಿ. ನಮ್ಮ ಬೋರ್‌ವೆಲ್ ನೀರಿಗೆ ಉಪ್ಪು ಕಟ್ಟಿ ಕಲ್ಲಾಗಿದ್ದರೆ ಪ್ಯಾಡ್ ಬದಲಿಸಿದರೂ ಸಾಕಾಗಬಹುದು.

ಹೊಸದೇ ಬೇಕು ಎಂದಾದರೆ ಕೋಣೆಯ ಉದ್ದ, ಅಗಲ, ಎತ್ತರ ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು ಅರ್ಧ ಮಾಡಿ. ಎರಡು ನಿಮಿಷಕ್ಕೊಮ್ಮೆ ಕೋಣೆಯ ಗಾಳಿ ಪೂರ್ತಿ ಬದಲಾಗಬೇಕು, ಅದಕ್ಕೇ ಈ ಅರ್ಧ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಗೆ 1200 ಘನ ಅಡಿ, ಅರ್ಧ ಮಾಡಿದರೆ ನಿಮಿಷಕ್ಕೆ 600 ಘನ ಅಡಿ ಗಾಳಿ, ಅಂದರೆ 600 ಸಿಎಫ್‌ಎಂ ಬೇಕು. ಡಬ್ಬದ ಮೇಲೆ ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆದಿದ್ದರೆ 600ನ್ನು 1.7ರಿಂದ ಗುಣಿಸಿ, 1020 ಬರುತ್ತದೆ. ನಾನಾದರೆ 1300ರದ್ದು ತರುತ್ತೇನೆ, ಯಾಕೆಂದರೆ ಡಬ್ಬದ ಅಂಕಿ ಫುಲ್ ಸ್ಪೀಡಿನದು, ಆ ಸದ್ದಿನಲ್ಲಿ ಮಲಗುವವರು ಯಾರು? ತಾರಸಿ ಕೆಳಗಿನ ಕೋಣೆ, ಶೀಟ್ ಮನೆ ಆದರೆ ಇನ್ನೂ ಸ್ವಲ್ಪ ಜಾಸ್ತಿಯೇ ಇರಲಿ.

ಕಿಟಕಿಗೆ ಕೂರಿಸುವ ಕೂಲರ್ ಆದರೆ ಕಿಟಕಿ, ಗ್ರಿಲ್, ಸ್ಟ್ಯಾಂಡ್ ಅಳತೆಯನ್ನೂ ಬರೆದುಕೊಂಡು ಹೋಗಿ.

ಸೈಜ್ ಸರಿ ಇದ್ದೂ ತಂಪಾಗದಿದ್ದರೆ ತಪ್ಪು ಹೆಚ್ಚಾಗಿ ನಮ್ಮದೇ. ಏಸಿ ಹಾಕಿದವರ ಹಾಗೆ ಕಿಟಕಿ ಬಾಗಿಲು ಮುಚ್ಚಿ ಕೂರುತ್ತೇವೆ. ಕೂಲರ್ ತಂಪು ಮಾಡುವುದು ನೀರು ಆವಿಯಾಗಿ, ಅದಕ್ಕೆ ಒಣ ಗಾಳಿ ಬೇಕು, ಒಳಗಿನ ಹಸಿ ಗಾಳಿ ಹೊರಹೋಗಬೇಕು, ಇಲ್ಲದಿದ್ದರೆ ಅರ್ಧ ಗಂಟೆಗೆ ಮೈಯೆಲ್ಲ ಅಂಟು ಅಂಟು. ಕೂಲರ್ ಬೆನ್ನು ತೆರೆದ ಕಿಟಕಿಗೆ, ಎದುರಿನ ಕಿಟಕಿ ಸ್ವಲ್ಪ ತೆರೆದು ಅಲ್ಲೊಂದು ಪೇಪರ್ ಚೂರು ಹಿಡಿಯಿರಿ. ಹೊರಕ್ಕೆ ವಾಲಿದರೆ ಸರಿ.

ಚಿತ್ರದುರ್ಗ, ದಾವಣಗೆರೆಯ ಒಣ ಬೇಸಿಗೆಗೆ ಕೂಲರ್ ಹೇಳಿ ಮಾಡಿಸಿದ್ದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮಾತ್ರ ಎಷ್ಟು ದೊಡ್ಡದಿದ್ದರೂ ಸುಮ್ನೆ, ಪಂಪ್ ಆಫ್ ಮಾಡಿ ಬರೀ ಫ್ಯಾನ್ ಹಾಕಿಕೊಳ್ಳಿ.