ನಾರ್ವೆಯ ಲೂಟೆಫಿಸ್ಕ್: ಜೆಲ್ಲಿಯಂಥ ಮೀನನ್ನು ಬೇಯಿಸುವುದು ಹೇಗೆ?

ಕ್ರಿಸ್‌ಮಸ್ ಹೊತ್ತಿಗೆ ನಾರ್ವೆಯವರು ತಿನ್ನುವ ಲೂಟೆಫಿಸ್ಕ್ ನೋಡಿದರೆ, ಇದು ಮೀನೋ ಜೆಲ್ಲಿಯೋ ಅಂತ ಹೊರಗಿನವರಿಗೆ ಗೊಂದಲವಾಗುತ್ತದೆ. ಒಣಗಿಸಿದ ಕಾಡ್ ಎಂಬ ಕಡಲ ಮೀನನ್ನು ದಿನಗಟ್ಟಲೆ ನೀರಲ್ಲಿ, ಆಮೇಲೆ ಕಾಸ್ಟಿಕ್ ಸೋಡಾ ನೀರಲ್ಲಿ, ಮತ್ತೆ ಬರೀ ನೀರಲ್ಲಿ ನೆನೆಸಿರುತ್ತಾರೆ. ಈ ಸಾಹಸ ಮನೆಯಲ್ಲಿ ಬೇಡ. ನೆನೆಸಿ ಸಿದ್ಧವಾಗಿರುವುದನ್ನೇ ತನ್ನಿ.

ಮೊದಲ ಸಲ ನಾನು ನೀರು ಹಾಕಿ ಚೆನ್ನಾಗಿ ಕುದಿಸಿಬಿಟ್ಟೆ. ಮುಚ್ಚಳ ತೆಗೆದರೆ ಮೀನೇ ಇಲ್ಲ, ಬರೀ ಲೋಳೆ! ಅದರೊಳಗೇ ಬೇಕಾದಷ್ಟು ನೀರಿರುತ್ತದೆ, ಮತ್ತೆ ಹಾಕುವುದು ಯಾಕೆ ಅಲ್ವಾ?

ಈಗ ಓವನ್‌ಗೆ ಆಗುವ ಗಾಜಿನ ಪಾತ್ರೆಯಲ್ಲಿ ಚರ್ಮ ಕೆಳಗೆ ಬರುವಂತೆ ತುಂಡುಗಳನ್ನು ಇಡುತ್ತೇನೆ. ಒಂದು ಕಿಲೋಗೆ ಒಂದು ದೊಡ್ಡ ಚಮಚ ಉಪ್ಪು. ಮುಚ್ಚಿ, 200 ಡಿಗ್ರಿಯಲ್ಲಿ ಅರ್ಧ ಗಂಟೆ. ಫೋರ್ಕ್ ತಾಗಿಸಿದರೆ ಪದರ ಪದರವಾಗಿ ಬಿಡಬೇಕು. ಜಾಸ್ತಿ ಬೆಂದರೆ ಮತ್ತೆ ಲೋಳೆಯೇ. ಅಲ್ಯೂಮಿನಿಯಂ ಪಾತ್ರೆ ಬೇಡ, ಕಪ್ಪಾಗುತ್ತದೆ. ಬೆಳ್ಳಿ ಚಮಚದ ಕಥೆಯೂ ಅಷ್ಟೇ.

ಬಿಟ್ಟ ನೀರನ್ನು ಬಸಿದು, ಮೀನನ್ನು ಬಿಸಿ ತಟ್ಟೆಗೆ ಹಾಕಿ. ಸುಮ್ನೆ ತಿಂದರೆ ಹೇಳಿಕೊಳ್ಳುವ ರುಚಿಯೇನಿಲ್ಲ. ಹುರಿದ ಬೇಕನ್ (ಉಪ್ಪು ಹಾಕಿದ ಹಂದಿಮಾಂಸ) ತುಂಡುಗಳನ್ನು ಅದರ ಬಿಸಿ ಕೊಬ್ಬಿನ ಸಮೇತ ಮೇಲೆ ಸುರಿಯಿರಿ. ಪಕ್ಕದಲ್ಲಿ ಬೇಯಿಸಿದ ಆಲೂಗಡ್ಡೆ, ಮಸೆದ ಬಟಾಣಿ. ವಾಸನೆ ಹೋಗಲು ಕಿಟಕಿ ಮಾತ್ರ ತೆರೆದಿಡಿ.