ನಿಸ್ತಂತು ಚಾರ್ಜರ್‌ನ ದಕ್ಷತೆ: ಸೋರಿಕೆ ಹುಡುಕಿದ ಬಗೆ

ತಂತಿಯಿಲ್ಲದೆ ಒಂದು ಸುರುಳಿಯಿಂದ ಇನ್ನೊಂದಕ್ಕೆ ವಿದ್ಯುತ್ ದಾಟಿಸಿ 5 ವೋಲ್ಟ್, 1 ಆಂಪಿಯರ್ ಕೊಡುವ ಸುರುಳಿ ಜೋಡಿಯನ್ನು ಕಟ್ಟುವಾಗ ನಾನು ನಂಬಿದ್ದು ಒಂದೇ ಸುಳಿವನ್ನು: ನಷ್ಟವಾದ ವಿದ್ಯುತ್ ಯಾವುದಾದರೂ ಬಿಡಿಭಾಗವನ್ನು ಬಿಸಿ ಮಾಡಿಯೇ ಇರುತ್ತದೆ.

ಎರಡೂ ಕಡೆ 24 ಮೈಕ್ರೊಹೆನ್ರಿ ಪ್ರೇರಕತ್ವದ (ಪ್ರವಾಹದ ಬದಲಾವಣೆಯನ್ನು ತಡೆಯುವ ಗುಣ) ಸುರುಳಿ, ಆವರ್ತನ 100 ಕಿಲೋಹರ್ಟ್ಜ್ ಆಸುಪಾಸು. ಅಷ್ಟರಲ್ಲಿ ತಾಮ್ರದೊಳಕ್ಕೆ ಪ್ರವಾಹ ಇಳಿಯುವುದು ಸುಮಾರು 0.2 ಮಿ.ಮೀ. ಮಾತ್ರ, ದಪ್ಪ ಒಂಟಿ ತಂತಿಯ ನಡುಭಾಗ ಬರೀ ತೂಕ. 0.08 ಮಿ.ಮೀ.ನ 105 ಎಳೆಗಳಿರುವ, ಪ್ರತಿ ಎಳೆಗೂ ಬೇರೆ ನಿರೋಧಕ ಲೇಪನವಿರುವ ಲಿಟ್ಜ್ ತಂತಿ ಸುತ್ತಿದೆ. ತುದಿಯಲ್ಲಿ ಪ್ರತಿಯೊಂದು ಎಳೆಯ ಲೇಪನವೂ ಸುಟ್ಟು ಬೆಸುಗೆ ಹಿಡಿಯಬೇಕು. ಹೊರಗಿನವಷ್ಟೇ ಹಿಡಿದರೆ ಬೆಸುಗೆ ನೋಡಲು ಚೆನ್ನಾಗಿಯೇ ಇರುತ್ತದೆ, ರೋಧ ಮಾತ್ರ ಏರಿರುತ್ತದೆ.

ಇದಕ್ಕೆ ಇಷ್ಟು ಒದ್ದಾಡುವುದೇಕೆಂದರೆ, ಸುರುಳಿಗಳ ನಡುವಿನ ದಕ್ಷತೆಯ ಮಿತಿಯನ್ನು ಕಟ್ಟುವುದು ಎರಡೇ ಸಂಗತಿ: ಜೋಡಣಾಂಕ (ಒಂದು ಸುರುಳಿಯ ಕಾಂತಕ್ಷೇತ್ರ ಇನ್ನೊಂದಕ್ಕೆ ಎಷ್ಟು ತಾಗುತ್ತದೆ ಎಂಬ ಅಳತೆ) ಮತ್ತು ಸುರುಳಿಯ ಕ್ಯೂ (ರೋಧ ಕಡಿಮೆಯಾದಷ್ಟೂ ಏರುವ ಗುಣಾಂಕ). ಜೋಡಣಾಂಕ 0.3 ಇದ್ದಾಗ ಎರಡೂ ಸುರುಳಿಗಳ ಕ್ಯೂ 40 ಆದರೆ ಮಿತಿ ಶೇ. 85ರ ಹತ್ತಿರ, ಕ್ಯೂ 100 ಆದರೆ ಶೇ. 93 ದಾಟುತ್ತದೆ. ಜೋಡಣಾಂಕ ಅಳೆಯುವುದು ಸುಲಭ. ಒಂದು ಸುರುಳಿಯ ತುದಿಗಳನ್ನು ತೆರೆದಿಟ್ಟು ಇನ್ನೊಂದರ ಪ್ರೇರಕತ್ವ ಅಳೆಯಿರಿ, ಆಮೇಲೆ ತುದಿಗಳನ್ನು ಕೂಡಿಸಿ ಅಳೆಯಿರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, 1ರಿಂದ ಕಳೆದು, ವರ್ಗಮೂಲ ತೆಗೆದರೆ ಆಯಿತು. 24 ಇದ್ದದ್ದು 21.8ಕ್ಕೆ ಇಳಿದರೆ ಅದೇ 0.3.

ಕಾಂತಕ್ಷೇತ್ರವನ್ನು ತನ್ನೊಳಗೆ ಹಾಯಿಸಿಕೊಳ್ಳುವ ಫೆರೈಟ್ ಹಾಳೆಯನ್ನು ಎರಡೂ ಸುರುಳಿಗಳ ಬೆನ್ನಿಗೆ ಅಂಟಿಸಿ, ಸುರುಳಿಯ ಅಂಚಿಗಿಂತ ತುಸು ಹೊರಚಾಚಿರಲಿ. ಅದಿಲ್ಲದಿದ್ದರೆ ಹಿಂದಿರುವ ಬ್ಯಾಟರಿಯ ಲೋಹದಲ್ಲಿ ಸುಳಿಪ್ರವಾಹ ಹುಟ್ಟಿ ಬ್ಯಾಟರಿಯೇ ಕಾಯುತ್ತದೆ. ಹಾಳೆ ಅಂಟಿಸಿದ ಮೇಲೆ ಪ್ರೇರಕತ್ವ ಏರುವುದರಿಂದ ಕೆಪಾಸಿಟರ್ ಲೆಕ್ಕ ಹಾಕಬೇಕಾದದ್ದು ಆಮೇಲೆಯೇ.

24 ಮೈಕ್ರೊಹೆನ್ರಿಗೆ 100 ನ್ಯಾನೊಫ್ಯಾರಡ್ ಸರಣಿಯಲ್ಲಿ ಸೇರಿಸಿದರೆ ಅನುರಣನ (ಒಂದರ ತಡೆಯನ್ನು ಇನ್ನೊಂದು ಅಳಿಸುವ ಆವರ್ತನ) 102.7 ಕಿಲೋಹರ್ಟ್ಜ್. 2 ಆಂಪಿಯರ್ (ಆರ್‌ಎಂಎಸ್, ಅಂದರೆ ಪರಿಣಾಮಕಾರಿ ಮೌಲ್ಯ) ಹರಿದಾಗ ಕೆಪಾಸಿಟರ್ ಮೇಲೆ ಶಿಖರ ಸುಮಾರು 44 ವೋಲ್ಟ್ ಬೀಳುತ್ತದೆ. ಎಕ್ಸ್7ಆರ್ ದರ್ಜೆಯ ಸೆರಾಮಿಕ್ ಕೆಪಾಸಿಟರ್ ಇಲ್ಲಿ ಬೇಡ: ವೋಲ್ಟೇಜ್ ಏರಿದಂತೆ ಧಾರಕತ್ವ ಕುಸಿದು ಅನುರಣನ ಜಾರುತ್ತದೆ, ಮೇಲಾಗಿ ತಾನೂ ಬಿಸಿಯಾಗುತ್ತದೆ. ಧಾರಕತ್ವ ಹಾಗೆ ಕುಸಿಯದ ಸಿ0ಜಿ ದರ್ಜೆಯ 100 ವೋಲ್ಟ್ ಕೆಪಾಸಿಟರ್‌ಗಳನ್ನು ಸಮಾಂತರವಾಗಿ ಹಾಕಿದೆ. ಜಾಗವಿದ್ದರೆ ಪಾಲಿಪ್ರೊಪಿಲೀನ್ ಕೂಡ ಆದೀತು.

ಹೊರೆಯ, ಅಂದರೆ ವಿದ್ಯುತ್ ಬಳಸುವ ಸಾಧನದ ರೋಧದ, ಲೆಕ್ಕವನ್ನು ಹೆಚ್ಚಿನವರು ಬಿಟ್ಟೇಬಿಡುತ್ತಾರೆ. ಮೇಲಿನ ಅಂಕಿಗಳಿಗೆ, ಕ್ಯೂ 100 ಇದ್ದರೆ, ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ನಂತರದ ಸೂಕ್ತ ಹೊರೆ ಸುಮಾರು 5.6 ಓಮ್. 5 ವೋಲ್ಟ್, 1 ಆಂಪಿಯರ್ ಎಂದರೆ 5 ಓಮ್, ಸರಿಹೊಂದಿತು. ಬೇರೆ ಹೊರೆಗೆ ಸುರುಳಿಯ ಸುತ್ತುಗಳನ್ನೇ ಬದಲಿಸಬೇಕು.

ಇಷ್ಟೆಲ್ಲ ಉಳಿಸಿದ್ದನ್ನು ರೆಕ್ಟಿಫೈಯರ್ ನುಂಗಿಬಿಡಬಹುದು. 1ಎನ್4007 ಡಯೋಡ್ ಈ ಆವರ್ತನಕ್ಕೆ ತೀರಾ ನಿಧಾನ. ವೇಗದ ಷಾಟ್ಕಿ ಡಯೋಡ್‌ಗಳ ಸೇತುವೆಯಲ್ಲೂ ಎರಡು ಡಯೋಡ್ ಸೇರಿ 0.8 ವೋಲ್ಟ್ ತಿಂದರೆ 5.8ರಲ್ಲಿ ಶೇ. 14 ಹೋಯಿತು. ಡಯೋಡ್‌ಗಳ ಬದಲು 10 ಮಿಲಿಓಮ್‌ನ ನಾಲ್ಕು ಮಾಸ್ಫೆಟ್ (ವಿದ್ಯುನ್ಮಾನ ಸ್ವಿಚ್) ಇಟ್ಟರೆ ಅದು ಕೆಲವೇ ಹತ್ತು ಮಿಲಿವೋಲ್ಟ್‌ಗೆ ಇಳಿಯುತ್ತದೆ. ಅವನ್ನು ಆಫ್ ಮಾಡುವುದು ತಡವಾದರೆ ಮಾತ್ರ ಔಟ್‌ಪುಟ್ ಕೆಪಾಸಿಟರ್‌ನಿಂದ ಪ್ರವಾಹ ಸುರುಳಿಗೆ ಹಿಮ್ಮರಳುತ್ತದೆ.

ಕಳುಹಿಸುವ ಕಡೆಯ ಅರ್ಧಸೇತುವೆಯನ್ನು (ಎರಡು ಮಾಸ್ಫೆಟ್‌ಗಳಿಂದ ಸುರುಳಿಗೆ ಎಸಿ ಕೊಡುವ ಮಂಡಲ) ಅನುರಣನಕ್ಕಿಂತ ಸ್ವಲ್ಪ ಮೇಲೆ ಓಡಿಸಿದರೆ ಮಾಸ್ಫೆಟ್‌ಗಳು ಸೊನ್ನೆ ವೋಲ್ಟೇಜಿನಲ್ಲಿ ಆನ್ ಆಗಿ ತಣ್ಣಗಿರುತ್ತವೆ. ದಕ್ಷತೆಯನ್ನು ಡಿಸಿ ಒಳಗಿನಿಂದ ಡಿಸಿ ಹೊರಗಿನವರೆಗೆ ಅಳೆಯಿರಿ; ಸುರುಳಿಯಲ್ಲಿ ಮಲ್ಟಿಮೀಟರ್ ಹಿಡಿದರೆ ಸುಳ್ಳು ಅಂಕಿ ಬರುತ್ತದೆ. ಪರೀಕ್ಷೆಗೆ ಪ್ರವಾಹ ಮಿತಿಯಿರುವ ವಿದ್ಯುತ್ ಮೂಲವೇ ಇರಲಿ: ಸ್ವೀಕರಿಸುವ ಸುರುಳಿಯನ್ನು ಎತ್ತಿದ ಕ್ಷಣ, ಅನುರಣನದಲ್ಲಿರುವ ಸೇತುವೆಗೆ ಎದುರಾಗುವುದು ಸುರುಳಿಯ 0.15 ಓಮ್ ಮತ್ತು ಮಾಸ್ಫೆಟ್‌ಗಳ ಅಲ್ಪ ರೋಧವಷ್ಟೇ.